ಸೈಯೂನಿಗೆ ಹೊರಟ ಹುಡುಗಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ, ಮೊಸರು ಕಡೆಯಲು ಕುಳಿತಿದ್ದೆ. ಬೆಣ್ಣೆ ತೇಲುವ ಹೊತ್ತಿಗೆ ಪಕ್ಕದ ಮನೆಯ ಅರಬನ ಮಗಳು ತಂಬಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಮಜ್ಜಿಗೆಯನ್ನು ಮೇಲಿನಿಂದ ಹೊಯ್ಯಬೇಕು, ತಂಬಿಗೆ ಮುಟ್ಟಬಾರದು ಎಂಬುದು ನಮ್ಮ ಅತ್ತೆಯವರ ಕಟ್ಟಳೆ. ಒಂದು ಹನಿಯೂ ಚೆಲ್ಲದಂತೆ ಧಾರೆಯ ಕೆಳಗೆ ತಂಬಿಗೆ ಸರಿಸುವುದನ್ನು ಆ ಹುಡುಗಿ ಸಣ್ಣವಳಿದ್ದಾಗಲೇ ಕಲಿತಿದ್ದಳು.

ಅವಳ ಅಪ್ಪ ಕೊಪ್ಪಳದ ಜಹಗೀರಿನ ಖಜಾನೆ ಕಾಯುತ್ತಿದ್ದ. ಅಂಥ ಅರಬರನ್ನು ನಮ್ಮ ಕಡೆ ಚಾವುಸ್ ಎನ್ನುತ್ತಿದ್ದರು. ಅವನ ಊರು ಅರಬಸ್ತಾನದ ದಕ್ಷಿಣಕ್ಕಿರುವ ಸೈಯೂನ್. ಸಂಜೆ ಕಟ್ಟೆಯ ಮೇಲೆ ಕುಳಿತರೆ ಅದೇ ಮಾತು: ಸುಲ್ತಾನನ ಅರಮನೆ ಪೂರಾ ಹಸಿ ಇಟ್ಟಿಗೆಯದು, ಮೇಲೆ ಬಿಳಿ ಸುಣ್ಣ, ಸುತ್ತ ಖರ್ಜೂರದ ಮರಗಳು, ಊರು ನಮ್ಮ ಯಲಬುರ್ಗಾದಷ್ಟೇ, ಆದರೂ ರಾಜಧಾನಿ. ನಾನು ಓದಿದ ಕಾನ್ವೆಂಟಿನ ನಕಾಶೆಯಲ್ಲಿ ಆ ಕಡೆ ಬರೀ ಹಳದಿ ಬಣ್ಣವಿತ್ತು.

ಹುಡುಗಿಯ ತಾಯಿ ಕುಷ್ಟಗಿಯ ಪಿಂಜಾರರ ಮನೆಯವಳು. ಮಗಳಿಗೆ ನಮಾಜಿನಷ್ಟೇ ಅರಬಿ ಬರುತ್ತಿತ್ತು. ನಾನು ಕಲಿಸಿದ ಕ್ರೋಶಾ ಹೆಣಿಗೆಯ ಕುಣಿಕೆಗಳನ್ನು ಅವಳು ಕನ್ನಡದಲ್ಲೇ ಎಣಿಸುತ್ತಿದ್ದಳು.

ನಿಜಾಮರ ಆಳ್ವಿಕೆ ಮುಗಿದ ಮೇಲಿನ ಚಳಿಗಾಲ ಅದು. ಅರಬರನ್ನು ಅವರ ದೇಶಕ್ಕೆ ಕಳಿಸುತ್ತಾರೆಂಬ ಸುದ್ದಿ ಇತ್ತು. ಮಜ್ಜಿಗೆ ತಂಬಿಗೆ ಹಿಡಿದು ಅವಳು ತಿರುಗುವಷ್ಟರಲ್ಲಿ ಲಾರಿ ಓಣಿಗೆ ಬಂತು. ಇಳಿದ ಪೊಲೀಸ್ ಅಮೀನ ಎಲೆಯಡಿಕೆ ಜಗಿಯುತ್ತಲೇ ಹೇಳಿದ: "ಚಾವುಸ್, ನೀನೂ ನಿನ್ನ ಮಗಳೂ ಲಾರಿ ಹತ್ರಿ. ಹೇಣ್ತಿ ಈ ಊರಾಕಿ, ಇದ್ರ ಇರ್ಲಿ."

"ಮಗಳು ಇಲ್ಲೇ ಹುಟ್ಟ್ಯಾಳ್ರಿ ಸಾಹೇಬ್ರ," ಎಂದಳು ತಾಯಿ.

"ಲಗ್ನ ಆಗಿ ಗಂಡನ ಮನಿ ಸೇರಿದ್ರ ಬಿಡ್ತಿದ್ವಿ. ಆಗಿಲ್ಲಲ್ಲ."

ತಾಯಿ ಸೆರಗೂ ಸರಿಮಾಡಿಕೊಳ್ಳದೆ ಓಡಿದಳು. ಸಂತೆಪೇಟೆಯಲ್ಲಿ ಗಾದಿ ಮಾಡುತ್ತಿದ್ದ ತನ್ನ ಅಣ್ಣನ ಮಗನನ್ನು ಎಳೆದು ತಂದಳು. ಹಿಂದೆಯೇ ನಿಕಾಹ್ ಮಾಡಿಸಲು ಕಾಜಿಯೂ ಬಂದರು. ಆ ಹುಡುಗನ ಹುಬ್ಬಿನ ಮೇಲೆ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಮೊದಲೇ ಒಮ್ಮೆ ಅವನು ಈ ಹುಡುಗಿಯನ್ನೇ ಕೇಳಿ ಚಾವುಸ್‌ನಿಂದ ಬೈಸಿಕೊಂಡಿದ್ದ. ಅಮೀನನೂ "ಲಗೂನ ಮುಗಸ್ರಿ" ಎಂದು ಮುಖ ತಿರುಗಿಸಿ ನಿಂತ. ಚಾವುಸ್ ಹೂಂ ಎಂದರೆ ಸಾಕಿತ್ತು.

"ಇಲ್ಲ," ಎಂದ ಅವನು. "ಸೈಯೂನ್‌ದಾಗ ನನ್ನ ಅಣ್ಣನ ಮಗ ಅದಾನ. ಇಕಿ ಮ್ಯಾಲೆ ಮೊದಲ ಹಕ್ಕು ಅವಂದು. ಅವ ಒಲ್ಲೆ ಅನ್ನೂತನಕ ಬ್ಯಾರೆಯವ್ರಿಗೆ ಕೊಟ್ರ ನಾ ಆ ಊರಾಗ ಕಾಲಿಡೂಹಂಗಿಲ್ಲ."

ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಅಣ್ಣತಮ್ಮರ ಮಕ್ಕಳೇನ? ಯವ್ವಾ, ಒಡಹುಟ್ಟಿದವನನ್ನ ಮಾಡ್ಕೊಂಡಂಗ ಆತಲ್ಲ," ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು, "ಅಲ್ಲೆ ಸುಲ್ತಾನನ ಸೊಸಿ ಆಗ್ತಾಳ ಬಿಡು," ಎಂದಳು.

ತಾಯಿ ನಗಲಿಲ್ಲ. "ನೀ ನನ್ನ ಲಗ್ನ ಆಗಿ ತಂದಾಗ ನಾ ಹೊರಗಿನಾಕಿ ಆಗಿದ್ದಿಲ್ಲೇನು?"

"ಹೊರಗಿಂದ ತರಬಹುದು. ಹೊರಗ ಕೊಡೂದಿಲ್ಲ," ಎಂದ ಚಾವುಸ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಮಗುವಿಗೆ ತಿಳಿಹೇಳುವವನಂತಿದ್ದ.

"ಹಂಗಾದ್ರ ನನ್ನೂ ಕರ್ಕೊಂಡು ನಡಿ."

"ಅಲ್ಲೆ ನನ್ನ ಮನಿಯಾಕಿ ಅದಾಳ."

ಅಲ್ಲಿ ಮೊದಲ ಹೆಂಡತಿ ಇರುವುದು ತಾಯಿಗೆ ಆವತ್ತೇ ತಿಳಿದದ್ದು, ನಮ್ಮೆಲ್ಲರೆದುರಿಗೆ. ಪಿಂಜಾರ ಹುಡುಗ ಹುಬ್ಬು ಒರೆಸಿಕೊಂಡು ಸಂತೆಪೇಟೆಯ ಕಡೆ ಹೋದ. ಕಾಜಿಯವರು ಗಡ್ಡ ನೀವಿಕೊಂಡು ಅವನ ಹಿಂದೆ ನಡೆದರು.

ಹುಡುಗಿ ನಮ್ಮ ಬಾಗಿಲಿಗೆ ಬಂದು ನಿಂತಳು. "ಅಕ್ಕಾರ, ಆ ಮನ್ಯಾಗ ನಾ ಯಾವ ಮಾತು ಆಡ್ಲಿ?"

ಅಷ್ಟರಲ್ಲಿ ಚಾವುಸ್ ಅವಳ ರಟ್ಟೆ ಹಿಡಿದು ಲಾರಿಗೆ ಹತ್ತಿಸಿದ.

ತಾಯಿ ಲಾರಿಯ ಹಿಂದಿನ ಹಲಗೆ ಹಿಡಿದಿದ್ದಳು. ಒಬ್ಬ ಪೊಲೀಸ್ ಜವಾನ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಬಳೆಗಾರ ಕೈ ಹಿಡಿದು ಮಡಚುವಷ್ಟು ಮೆತ್ತಗೆ. ಲಾರಿ ಸ್ಟೇಷನ್ನಿನ ಕಡೆ ಹೋಯಿತು. ತಾಯಿಯ ಬೆರಳುಗಳು ಮಾತ್ರ ಹಿಡಿದ ಆಕಾರದಲ್ಲೇ ಬಹಳ ಹೊತ್ತು ಬಾಗಿದ್ದವು.

ಸಂಜೆ ದೀಪ ಹಚ್ಚಿ ಹೊರಗೆ ಬಂದಾಗ ಆಕೆ ತನ್ನ ಹೊಸ್ತಿಲ ಮೇಲೆ ಕುಳಿತಿದ್ದಳು. ಎದುರುಮನೆಯ ಕಾಕು ನಮ್ಮ ಕಟ್ಟೆಗೆ ಒರಗಿ, ಅವಳಿಗೂ ಕೇಳಿಸುವಂತೆ ಅಂದರು:

"ಇನ್ನ ಒಬ್ಬಾಕಿಗೆ ಅಷ್ಟು ದೊಡ್ಡ ಅಂಗಳ ಯಾತಕ್ಕರಿ? ನಮ್ಮ ಎಮ್ಮಿ ಕಟ್ಟಾಕ ಕೇಳಬೇಕು."