ಹನ್ನೆರಡನೇ ಕುಂಡದ ಪರಿಮಳ

ತಾರ್ನಾಕ ಬಡಾವಣೆಯ ಮೂರಂತಸ್ತಿನ ಮನೆಯ ತಾರಸಿ. ಬೆಳಗಿನ ಐದೂವರೆ. ಮನೆಯ ಕಾವಲುಗಾರ ಬೂದೆಪ್ಪ ಹೂವಿನ ತೊಟ್ಟೊಂದನ್ನು ಎರಡು ಬೆರಳಲ್ಲಿ ಹಿಡಿದು ಗಂಗೂಬಾಯಿಯ ಮುಖದತ್ತ ತಿರುಗಿಸುತ್ತಾರೆ. ಬೀದಿ ಗುಡಿಸಿ ಬಂದ ಆಕೆ ಪೊರಕೆಯನ್ನು ಬಾಗಿಲ ಹೊರಗೇ ಇಟ್ಟಿದ್ದಾರೆ.

"ಹಸಿ ಸುಣ್ಣದ್ಹಂಗ ನಾರತೈತಿ, ಅಣ್ಣಾ."

ಬೂದೆಪ್ಪ ಆ ಕುಂಡಕ್ಕೆ ಇದ್ದಿಲಿನಿಂದ ಗೀಟು ಹಾಕುತ್ತಾರೆ. ಅದು ಆಯ್ಕೆಯಿಂದ ಹೋಯಿತು.

ಇದು ಏಂಜೆಲ್ ಟ್ರಂಪೆಟ್, ಉಮ್ಮತ್ತಿಯ ಬಳಗ. ತುತ್ತೂರಿಯಂಥ ಗೇಣುದ್ದದ ಹೂಗಳು ಕೆಳಮುಖವಾಗಿ ತೂಗುತ್ತವೆ. ಸಂಜೆ ಹೊಮ್ಮಿದ ಪರಿಮಳ ಬಿಸಿಲೇರುವ ತನಕ ಉಳಿಯುತ್ತದೆ. ಗಿಡವೆಲ್ಲ ವಿಷ; ಹಾಗಾಗಿ ಪ್ರತಿ ಸಲ ಮೂಸಿದ ಮೇಲೂ ಕೈ ತೊಳೆಯಲು ಗಂಗೂಬಾಯಿಗೆ ಬೂದೆಪ್ಪನವರೇ ಚೊಂಬಿನಿಂದ ನೀರು ಹಾಕುತ್ತಾರೆ.

ಎರಡು ಗಿಡ ಕೂಡಿಸಿ ಸಸಿ ಎಬ್ಬಿಸುವುದು, ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು ಬೂದೆಪ್ಪನವರ ಬಿಡುವಿನ ಕೆಲಸ. ಆದರೆ ಇವರಿಗೆ ವಾಸನೆಯೇ ತಿಳಿಯುವುದಿಲ್ಲ. ಯಾದಗಿರಿ ಕಡೆಯಿಂದ ಬಂದು ಇದೇ ಊರಿನ ಮಣಿಕೊಂಡದಲ್ಲಿ ಕಟ್ಟಡ ಕೆಲಸ ಮಾಡುವಾಗ ಮೇಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಅಂದಿನಿಂದ ಹೀಗೆ. ಆಮೇಲೆ ಈ ಮನೆಯ ಕಾವಲು, ತಾರಸಿಯ ಕೋಣೆ, ಕುಂಡಗಳು.

"ನಮ್ಮಕಿ ಮೂಸ್ತಿದ್ಲು, ನಾ ಆರಿಸ್ತಿದ್ದೆ," ಎನ್ನುತ್ತಾರೆ.

ಹೆಂಡತಿ ಗದಿಗೆಮ್ಮ ತೀರಿಕೊಂಡು ಎರಡು ವರ್ಷ. ಕೊನೆಯ ಚಳಿಗಾಲದಲ್ಲಿ ಇಬ್ಬರೂ ಸೇರಿ ಆಕೆಯ ಮೆಚ್ಚಿನ ಬಿಳಿ ಹೂವಿಗೆ, ಬಿಸಿಲು ತಡೆಯುವ ಕಿತ್ತಳೆ ಹೂವಿನ ಪರಾಗ ಮುಟ್ಟಿಸಿದ್ದರು. ಬಿಳಿಯದರ ಪರಿಮಳವನ್ನು ಆಕೆ 'ಲಿಂಬಿಹಣ್ಣ ಹಿಂಡಿದ್ಹಂಗ' ಎನ್ನುತ್ತಿದ್ದರಂತೆ. ಆ ತಾಯಿಗಿಡವೂ ಮರು ಬೇಸಿಗೆಯಲ್ಲಿ ಒಣಗಿತು.

ಉಳಿದ ಬೀಜದಿಂದ ಅರವತ್ತನಾಲ್ಕು ಸಸಿ, ಕುಂಡಕ್ಕೊಂದು ನಂಬರು. ದಿನಕ್ಕೆ ಇಪ್ಪತ್ತು ಬಕೆಟ್ ನೀರು. ಐವತ್ತೇಳನ್ನು ಕಿತ್ತಾಗಿದೆ. ಉಳಿದ ಏಳು ಈಗ ಅರಳಿವೆ. ಮುಂದಿನ ವಾರ ಮನೆಯೊಡೆಯರು ಸೋರುವ ತಾರಸಿಗೆ ಗಾರೆ ಹಾಕಿಸುತ್ತಾರೆ. ಆಮೇಲೆ ಮೆಟ್ಟಿಲ ಮೂಲೆಯಲ್ಲಿ ಒಂದೇ ಕುಂಡಕ್ಕೆ ಜಾಗ.

ಮೂಸಿ ಹೇಳೆಂದು ಮೊದಲು ಕೇಳಿದ್ದು ಕೆಳಮನೆಯ ಸಿಂಚನಾಳನ್ನು. ಮೈಸೂರಿನ ಹುಡುಗಿ, ಗಿಡಗಳಿಗೆಂದು ಅಕ್ಕಿ ತೊಳೆದ ನೀರನ್ನು ದಿನವೂ ಮೆಟ್ಟಿಲ ಮೇಲಿಟ್ಟು ಹೋಗುವವಳು.

"ಎಲ್ಲಾ ಸೂಪರ್ ಅಂಕಲ್ ಅಂದ್ಲರಿ. ಭಾಳ ಛಲೋ ಹುಡುಗಿ. ಏಳೂ ಸೂಪರ್ ಅಂದ್ರ ನಾ ಯಾವುದನ್ನ ಒಗೀಲಿ?" ಎನ್ನುತ್ತಾರೆ ಬೂದೆಪ್ಪ.

ಅದಕ್ಕೇ ಗಂಗೂಬಾಯಿ. ಲಿಂಬೆಯ ಮಾತನ್ನು ಬೂದೆಪ್ಪ ಆಕೆಗೆ ಹೇಳಿಲ್ಲ. "ಹೇಳಿದ್ರ, ಪಾಪ ಮುದುಕ ಅಂತ ಅದನ್ನ ಅಂದುಬಿಟ್ರ?" ಎನ್ನುತ್ತಾರೆ ಮೆಲ್ಲಗೆ.

ಇವರ ಆಸೆಯೆಲ್ಲ ನಲವತ್ತೊಂದನೇ ಕುಂಡದ ಮೇಲೆ. ಮೇ ತಿಂಗಳಲ್ಲೂ ಒಂದು ಮೊಗ್ಗೂ ಉದುರಿಸದ ಗಿಡ. ಇಂದು ಅದರಲ್ಲಿ ಹದಿನಾಲ್ಕು ಹೂ.

"ಏನೂ ಇಲ್ಲಣ್ಣಾ. ಕಾಗದ ಮೂಸಿದ್ಹಂಗ."

"ಇನ್ನೊಮ್ಮೆ ನೋಡವ್ವ."

"ನೂರ ಸಲ ನೋಡಿದ್ರೂ ಕಾಗದನ."

ಬೂದೆಪ್ಪ ಅದಕ್ಕೂ ಗೀಟು ಹಾಕುತ್ತಾರೆ. ಕೊನೆಗೆ ಉಳಿದದ್ದು ಹನ್ನೆರಡನೇ ಕುಂಡ. ಸೊಟ್ಟ ಕಾಂಡ, ಮಾಸಲು ಬಣ್ಣ, ಮೂರೇ ಹೂ. ಗಂಗೂಬಾಯಿ ಬಗ್ಗಿ ಮೂಸಿ, ಮತ್ತೆ ತಾವಾಗಿಯೇ ಬಗ್ಗುತ್ತಾರೆ.

"ಅಯ್ಯ, ಲಿಂಬಿ ಸಿಪ್ಪಿ ಚೂಟಿದ್ಹಂಗ ಐತಲ್ಲೋ ಅಣ್ಣಾ!"

ಬೂದೆಪ್ಪ ಬಗ್ಗುತ್ತಾರೆ. ಆ ಹೂವಿಗೆ ತಾವೂ ಮೂಗು ಹಚ್ಚುತ್ತಾರೆ. ಆಮೇಲೆ ಕುಂಡವನ್ನೆತ್ತಿ ಮೆಟ್ಟಿಲ ಮೂಲೆಗೆ ಇಟ್ಟು ಬರುತ್ತಾರೆ.

"ದಿನಾ ಹೋಗೂವಾಗ ಒಮ್ಮೆ ಮೂಸಿ, ಹೇಳಿ ಹೋಗು ತಂಗಿ. ಅಷ್ಟ ಸಾಕು."

"ವಾಸನಿ ಹೋದ ದಿನ ಹೋತು ಅಂತನ ಹೇಳ್ತೀನಿ. ಸುಳ್ಳ ನನ್ನ ಕಡಿಂದ ಆಗೂದಿಲ್ಲ."

"ಅದಕ್ಕ ನಿನ್ನ ಕರೀತೀನವ್ವ," ಎನ್ನುತ್ತಾ ಅವರು ಆಕೆಯ ಕೈಗೆ ನೀರು ಹಾಕುತ್ತಾರೆ.