ಗಾಳಕ್ಕೆ ಸಜ್ಜೆ ಕಡುಬು

ನಾನು ಮೀನು ತಿನ್ನುವವನಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಹಿಡಿದು ಮತ್ತೆ ನೀರಿಗೇ ಬಿಡುವ ಹವ್ಯಾಸ ನನ್ನದು ಎಂದು ಊರೆಲ್ಲ ಹೇಳಿಕೊಂಡಿದ್ದೆ. ಬಿಡುವುದಕ್ಕೆ ಮೊದಲು ಒಂದನ್ನಾದರೂ ಹಿಡಿಯಬೇಕಲ್ಲ, ಅದೊಂದೇ ಬಾಕಿಯಿತ್ತು.

ತಪ್ಪೆಲ್ಲ ಎರೆಯದ್ದು ಎಂದು ನಂಬಿದ್ದೆ. ಎರೆಹುಳು ಮುಟ್ಟಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಮುಟ್ಟಿ ಬಂದರೆ ಹೆಂಡತಿ ಒಳಗೆ ಬಿಟ್ಟುಕೊಳ್ಳಳು. ಹಾಗಾಗಿ ಶಾಕಾಹಾರಿ ಪ್ರಯೋಗಗಳು. ಜೋಳದ ಹಿಟ್ಟಿನ ಉಂಡೆ ಸೊನ್ನದ ಬ್ಯಾರೇಜಿನ ನೀರಿನಲ್ಲಿ ಕರಗಿ ಹೋಯಿತು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬೆರೆಸಿದೆ. ಖಾರ ಹೆಚ್ಚಾಯಿತೋ ಏನೋ, ಗಾಳದ ದಾರಕ್ಕೆ ಕಟ್ಟಿದ ಬೆಂಡು ಅಲುಗಲಿಲ್ಲ. ಬೆಲ್ಲ ಸವರಿದ ಚಪಾತಿಗೆ ಇರುವೆ ಬಂದವು, ಮೀನು ಬರಲಿಲ್ಲ. ಸಂಜೆ ಬರಿಗೈಯಲ್ಲಿ ಬಂದರೆ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು: “ಬಂದ್ರೇನ್ರಿ, ಮೀನಿಗಿ ಊಟಾ ಹಾಕಿ?” ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವಳ ಕಣ್ಣೆದುರೇ ಒಂದು ಮೀನು ಎತ್ತಿ ತೋರಿಸಬೇಕೆಂಬ ಹಟ ನನಗೆ ಹುಟ್ಟಿತು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಹೊಲ ಭೀಮೆಯ ದಂಡೆಯಲ್ಲೇ ಇದೆ. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಮೊದಲು ಚರಗ ಚೆಲ್ಲುತ್ತೇವೆ: ಸಜ್ಜೆ ಕಡುಬು, ಭಜ್ಜಿ ಪಲ್ಯ, ಮಾಡಿದ್ದನ್ನೆಲ್ಲ ಹೊಲದ ತುಂಬ ಎರಚುವುದು. ಹಕ್ಕಿ, ಇರುವೆ, ಇಲಿ, ಯಾರು ಬಂದರೂ ಅವತ್ತು ನೆಂಟರೇ. ಅವರದಾದ ಮೇಲೆ ನಮ್ಮ ಊಟ.

ಚರಗದ ಬುಟ್ಟಿ ಹಿಡಿದವನು ನಾನು. ದಂಡೆಗೆ ಬಂದು ನದಿಗೂ ಒಂದು ಹಿಡಿ ಎಸೆದೆ. ನೀರು ಕುದಿಯುವಂತೆ ಮೀನುಗಳು ಮುಗಿಬಿದ್ದವು. ಉಗಿಯಲ್ಲಿ ಬೆಂದ ಸಜ್ಜೆ ಕಡುಬು! ಗಟ್ಟಿ, ಜಿಗುಟು, ಕರಗುವ ಮಾತೇ ಇಲ್ಲ. ಜೋಳದ ಸಾಲಿನಲ್ಲಿ ಬಚ್ಚಿಟ್ಟಿದ್ದ ಗಾಳ ತಂದು ಒಂದು ಚೂರು ಸಿಕ್ಕಿಸಿದೆ.

“ಬಾ ಬೇ ಇಲ್ಲಿ, ನೋಡ್ಬಾ!” ಎಂದು ಹೆಂಡತಿಯನ್ನು ಕೂಗಿದೆ.

ಬೆಂಡು ಮುಳುಗಿತು, ಎಳೆದೆ. ಮೊಳದುದ್ದದ ಮೀನು ಬಿಸಿಲಿಗೆ ಹೊಳೆಯುತ್ತ ಒದ್ದಾಡಿತು. ನನಗೆ ಕುಣಿಯುವಷ್ಟು ಸಂತೋಷ. ಅವಳು ನಗಲಿಲ್ಲ. ಮೀನಿನ ಬಾಯಿ ನೋಡಿದಳು, ಬುಟ್ಟಿಯಲ್ಲಿದ್ದ ಕಡುಬು ನೋಡಿದಳು.

“ಚರಗದ್ದೇನ್ರಿ ಇದು? ಊಟಕ್ಕ ಕರದು, ಉಣ್ಣಾಕ ಬಂದವರ ಬಾಯಿಗಿ ಗಾಳ ಚುಚ್ತೀರೇನ್ರಿ?”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಿಡಿಸಲು ಹೋದರೆ ಮೀನು ಕೈಯಿಂದ ಜಾರಿತು. ಹಿಡಿದು ಬಿಡುವ ಶೂರನಿಗೆ ಬಿಡುವುದು ಹೇಗೆಂದೇ ಗೊತ್ತಿರಲಿಲ್ಲ. ಕೊನೆಗೆ ಅವಳೇ ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ನಾನು ಗಾಳ ತೆಗೆದೆ. ನೀರಿಗಿಳಿದ ಮೀನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಬಾಲ ಬೀಸಿ ಹೋಯಿತು.

ಉಳಿದ ಕಡುಬನ್ನೆಲ್ಲ ನದಿಗೆ ಚೆಲ್ಲತೊಡಗಿದೆ. ಊಟಕ್ಕೆ ಕಾದಿದ್ದ ಅಣ್ಣ ದೂರದಿಂದ ಕೂಗಿದ: “ಏನ್ ನಡಸ್ಯಾನ ಅವಾ ಅಲ್ಲಿ?”

“ಮೀನಿಗಿ ಊಟಾ ಹಾಕಾಕತ್ತಾರ್ರಿ,” ಅಂದಳು ಹೆಂಡತಿ, ಕೈ ತೊಳೆದುಕೊಳ್ಳುತ್ತ.

ಜೀವಮಾನದಲ್ಲಿ ನಾನು ಹಿಡಿದ ಒಂದೇ ಒಂದು ಮೀನಿಗೆ ಅವಳೊಬ್ಬಳೇ ಸಾಕ್ಷಿ. ಆ ಸಾಕ್ಷಿ ಇವತ್ತಿಗೂ ಯಾರೆದುರೂ ಬಾಯಿ ಬಿಟ್ಟಿಲ್ಲ.