ಮಾತಾಡದ ಟೀಮಿನ ಹಿಂದೆ ಮದ್ರಾಸಿಗೆ

ಜುಲೈ ನಡುವಿನ ಒಂದು ಗುರುವಾರ ಬೆಳಿಗ್ಗೆ ದಾವಣಗೆರೆ ಸ್ಟೇಷನ್ನಿನಲ್ಲಿ ನಾವು ಹದಿನೆಂಟು ಮಂದಿ ಬೆಂಗಳೂರಿನ ರೈಲು ಹತ್ತಿದೆವು. ಹದಿನೇಳು ಜನ ನಮ್ಮ ಬಟ್ಟೆ ಮಿಲ್ಲಿನ ಮಗ್ಗದ ಷೆಡ್ಡಿನವರು, ಹದಿನೆಂಟನೆಯವನು ಹಾಜರಿ ಗುಮಾಸ್ತನಾದ ನಾನು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಎರಡು ಚೀಲ ಮಂಡಕ್ಕಿ. ನಮ್ಮ ಮಿಲ್ಲಿನ ಫುಟ್‌ಬಾಲ್ ಟೀಮು ಮದ್ರಾಸಿನ ಟೂರ್ನಮೆಂಟಿನಲ್ಲಿ ಫೈನಲ್ಲಿಗೆ ಬಂದಿದೆ ಎಂದು ಮಂಗಳವಾರ ತಂತಿ ಬಂದಿತ್ತು. ಭಾನುವಾರ ಸಂಜೆ ಆಟ. ಇಂಥದ್ದನ್ನು ಪೇಪರಿನಲ್ಲಿ ಓದಿ ತಿಳಿದುಕೊಳ್ಳುವ ಜಾತಿಯವರಲ್ಲ ನಾವು.

ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಮಿಲ್ಲಿನ ಹಿಂದಿನ ಮೈದಾನದಲ್ಲಿ ಗೋಡೌನು ಕಟ್ಟಬೇಕೆಂದು ಹೊಸ ಮ್ಯಾನೇಜರು ಪಟ್ಟು ಹಿಡಿದಿದ್ದರು. ಸಂಕ್ರಾಂತಿ ಕಳೆದ ಮೇಲೆ ಹೊಸ ಹತ್ತಿ ಬರುತ್ತದೆ, ಮೂಟೆಗಳನ್ನು ಇಡಲು ಜಾಗವಿಲ್ಲ. ಟೀಮಿನವರು ಹೋಗಿ ಕೈಮುಗಿದು ಕೇಳಿದಾಗ ಅವರು, "ಮದ್ರಾಸಿನ ಟೂರ್ನಮೆಂಟಿನ ಕಪ್ಪು ಈ ಮಿಲ್ಲಿಗೆ ಬಂದರೆ ಮೈದಾನ ಉಳಿಯುತ್ತೆ, ಇಲ್ಲದಿದ್ದರೆ ಇಲ್ಲ" ಎಂದು ನಾಲ್ಕು ಜನರ ಎದುರು ಹೇಳಿದ್ದರು. ಹಾಗೆ ಹೇಳಿದವರು, ಅದೇ ವಾರ ನನ್ನ ಕೈಯಲ್ಲೇ ಮೇಸ್ತ್ರಿಗೆ ಹೇಳಿಕಳಿಸಿದ್ದರು, ಪಾಯ ತೋಡಲು ಫೈನಲ್ ಮುಗಿದ ಮಂಗಳವಾರ ಬೆಳಿಗ್ಗೆ ಆಳುಗಳೊಂದಿಗೆ ಬಾ ಎಂದು. ಆಟ ಭಾನುವಾರ, ಮೇಸ್ತ್ರಿ ಮಂಗಳವಾರ. ಅಂದರೆ ಅವರ ಲೆಕ್ಕದಲ್ಲಿ ನಾವು ಆಗಲೇ ಸೋತಾಗಿತ್ತು. ನನಗೆ ಅದೇ ಹೊಟ್ಟೆಯುರಿ.

ಸಂಜೆ ಬೆಂಗಳೂರಿನಲ್ಲಿ ಇಳಿದು ಮದ್ರಾಸಿನ ಗಾಡಿ ಹತ್ತಿದೆವು. ಮೂರನೇ ದರ್ಜೆ, ಕೂರಲು ಜಾಗ ಸಿಕ್ಕಿದ್ದೇ ಹೆಚ್ಚು. ಶುಕ್ರವಾರ ಬೆಳಿಗ್ಗೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಾಗ ಅಂಗಿಗಳು ಬೆನ್ನಿಗೆ ಅಂಟಿಕೊಂಡಿದ್ದವು. ಅದು ಬೆವರಲ್ಲ, ಊರೇ ಒದ್ದೆ ಬಟ್ಟೆ ಹೊದೆಸಿದ ಹಾಗೆ. ಸ್ಟೇಷನ್ನಿನ ಹೊರಗೆ ಗೋಡೆಯ ಮೇಲೆ ನಮ್ಮ ಫೈನಲ್ಲಿನ ಪೋಸ್ಟರು ಅಂಟಿಸಿದ್ದರು. ಆಳೆತ್ತರದ ಚಿತ್ರದಲ್ಲಿ ಮದ್ರಾಸ್ ಟೀಮಿನ ಹನ್ನೊಂದು ಜನ, ಬೂಟು ಹೊಳೆಯುತ್ತಿದೆ, ಕೂದಲು ಬಾಚಿದೆ. ನಮ್ಮವರ ಚಿತ್ರ ಹುಡುಕಿದರೆ ಇಲ್ಲ. ಇಂಗ್ಲಿಷ್ ಬಲ್ಲ ನಾನೇ ಕೆಳಗಿನ ಸಣ್ಣ ಅಕ್ಷರ ಓದಿ ಹೇಳಬೇಕಾಯಿತು: "ಎದುರಾಳಿ, ಮೈಸೂರು ರಾಜ್ಯದ ಒಂದು ಮಿಲ್ ತಂಡ."

"ಒಂದು ಮಿಲ್ಲಂತೆ," ಎಂದ ನಮ್ಮ ಜೊತೆ ಬಂದಿದ್ದ ಜಾಬರ್ ಚನ್ನಬಸಪ್ಪ. ಐವತ್ತರ ಹತ್ತಿರದ ಭಾರಿ ಆಳು, ಷೆಡ್ಡಿನಲ್ಲಿ ನಲವತ್ತು ಮಗ್ಗಗಳ ಮೇಲ್ವಿಚಾರಣೆ ಅವನದು. "ಹೆಸರು ಹಾಕಾಕೂ ಶಾಯಿ ಇರ್ಲಿಲ್ಲೇನ್ರಿ ಗುಮಾಸ್ತ್ರೆ ಇವರಿಗೆ?"

"ಸೋಮವಾರ ಹಾಕ್ತಾರೆ ಬಿಡು, ಪೇಪರಿನಲ್ಲಿ" ಎಂದೆ. ಮಾತಿಗೆ ಅಂದದ್ದಲ್ಲ, ನನಗೆ ಆ ನಂಬಿಕೆ ಇತ್ತು.

ಎಗ್ಮೋರಿನಲ್ಲಿ ಕುಂದಾಪುರದ ಕಡೆಯ ವಾಸುದೇವ ರಾಯರ ಹೋಟೆಲಿನ ಮಾಳಿಗೆಯಲ್ಲಿ ನಮ್ಮ ಬಿಡಾರ. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಬಾಡಿಗೆ ಬೇಡ, ಊಟ ತಿಂಡಿ ಮಾತ್ರ ಇಲ್ಲೇ ಮಾಡಿ ಅಂದರು. ಹದಿನೆಂಟು ಜನ ಮಿಲ್ಲಿನವರ ಹಸಿವಿನ ಅಂದಾಜು ಅವರಿಗೆ ಇರಲಿಲ್ಲ ಪಾಪ. ಮೊದಲ ಪಂಕ್ತಿಯಲ್ಲೇ ಇಡ್ಲಿ ಮುಗಿದು, ಅಡಿಗೆ ಭಟ್ಟರು ಒಳಗಿನಿಂದ ಬಂದು ನಮ್ಮನ್ನು ನೋಡಿಹೋದರು. ಸಾಂಬಾರು ಚೆನ್ನಾಗಿತ್ತು. ಖಾರ ಸಾಲದು ಎಂದು ನಮ್ಮವರು ಶೇಂಗಾ ಚಟ್ನಿಯ ಗಂಟು ಬಿಚ್ಚಿದರು.

ಕಾಫಿ ಕುಡಿಯುತ್ತಿದ್ದ ಗಿರಾಕಿಯೊಬ್ಬ ನಮ್ಮನ್ನು ನೋಡಿ ನಗುತ್ತ ರಾಯರನ್ನು ಏನೋ ಕೇಳಿದ. "ಊಮೈ ಟೀಮ್" ಅಂದದ್ದು ಮಾತ್ರ ನನಗೆ ಕೇಳಿಸಿತು.

"ಏನಂದ್ರು ರಾಯರೆ?"

ರಾಯರು ಮುಜುಗರಪಟ್ಟರು. "ಎಂತ ಇಲ್ಲ ಮಾರಾಯ್ರೆ. ನಿಮ್ಮ ಹುಡುಗರು ಆಡುವಾಗ ಒಬ್ಬರೂ ಬಾಯಿ ಬಿಡುದಿಲ್ವಂತೆ. ಅದಕ್ಕೆ ಇಲ್ಲಿ ಮೂಗರ ಟೀಮು ಅಂತ ಹೆಸರಿಟ್ಟಿದ್ದಾರೆ. ಪೇಪರಿನಲ್ಲೂ ಬಂದುಂಟು."

ಪೇಪರು ತರಿಸಿ ನೋಡಿದೆ. ಮೂಗರು ಸೆಮಿಫೈನಲ್ ಗೆದ್ದದ್ದು ಅದೃಷ್ಟದಿಂದ, ಫೈನಲ್ಲು ಬರೀ ಶಾಸ್ತ್ರಕ್ಕೆ ಎಂದು ಬರೆದಿದ್ದರು. ಮಧ್ಯಾಹ್ನ ಟಿಕೇಟಿಗೆ ಟೂರ್ನಮೆಂಟಿನ ಕಚೇರಿಗೆ ಹೋದರೆ ಕಾರ್ಯದರ್ಶಿ ಎಂಬ ಮನುಷ್ಯ ತಲೆ ಎತ್ತದೆ ಬಿಸಿಲಿನ ಕಡೆಯ ಮರದ ಗ್ಯಾಲರಿಯ ಚೀಟಿಗಳನ್ನು ಹರಿದುಕೊಟ್ಟ. ಕಪ್ಪು ಅವನ ಮೇಜಿನ ಮೇಲೇ ಇತ್ತು. ಹತ್ತಿರ ಹೋಗಿ ನೋಡಿದೆ, ಮದ್ರಾಸ್ ಟೀಮಿನ ಬಣ್ಣದ ರಿಬ್ಬನ್ನು ಆಗಲೇ ಕಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಚನ್ನಬಸಪ್ಪ ನನ್ನ ತೋಳು ಹಿಡಿದು ಎಳೆದುಕೊಂಡು ಬಂದ. "ಗಂಟು ಬಿಚ್ಚೋದು ನಮಗೇನು ಹೊಸದೇ, ಬರ್ರಿ" ಎಂದ.

ಶನಿವಾರ ಬಸ್ಸು ಹಿಡಿದು ತಿರುವೊಟ್ಟಿಯೂರಿಗೆ ಹೋದೆವು. ಮದ್ರಾಸ್ ಟೀಮಿಗೆ ಅಭ್ಯಾಸಕ್ಕೆ ಸ್ಟೇಡಿಯಮ್ಮನ್ನೇ ಬಿಟ್ಟುಕೊಟ್ಟು, ನಮ್ಮವರಿಗೆ ಎಲ್ಲಾದರೂ ಆಡಿಕೊಳ್ಳಿ ಅಂದಿದ್ದರಂತೆ. ನಮ್ಮವರು ಅಲ್ಲಿನ ಕಡಲ ದಂಡೆ ಹುಡುಕಿಕೊಂಡಿದ್ದರು. ಕ್ಯಾಪ್ಟನ್ ಹನುಮಂತಪ್ಪ ಮರಳಿನಲ್ಲಿ ಬರಿಗಾಲಲ್ಲಿ ನಿಂತಿದ್ದ. ಮೂವತ್ತೈದು ವರ್ಷದ, ಒಣಕಲು ಮೈಯ ನೇಕಾರ. ಮಾತು ಕಡಿಮೆ.

"ಬಂದ್ರಾ" ಎಂದ. ಅಷ್ಟೇ. ಹದಿನೆಂಟು ಜನ ಅಷ್ಟು ದೂರದಿಂದ ಬಂದಿದ್ದೇವೆ, ಇನ್ನೆರಡು ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಟೀಮು ಮಾತಾಡದೆ ಆಡುವುದು ಯಾಕೆ ಎಂದು ಮದ್ರಾಸಿನವರಿಗೆ ತಿಳಿಯದು. ಮಗ್ಗದ ಷೆಡ್ಡಿನೊಳಗೆ ಒಮ್ಮೆ ಕಾಲಿಟ್ಟರೆ ತಿಳಿಯುತ್ತದೆ. ನೂರಾರು ಮಗ್ಗಗಳ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲ ಮಾತೂ ಕೈಯಲ್ಲೇ. ಮುಷ್ಟಿ ಎತ್ತಿದರೆ ನಿಲ್ಲಿಸು ಎಂದು. ಅಂಗೈಯನ್ನು ಅಡ್ಡಕ್ಕೆ ಓಡಿಸಿದರೆ ನೂಲು ಹೊತ್ತು ಓಡುವ ಲಾಳಿ, ಆ ಕಡೆಗೆ ಕಳಿಸು ಎಂದು. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿ ಒಂದು ಕಡೆ ತೋರಿಸಿದರೆ ದಾರ ಕಡಿದಿದೆ, ಅಲ್ಲಿಗೆ ಹೋಗು ಎಂದು. ಹತ್ತು ಹದಿನೈದು ವರ್ಷ ಹೀಗೆ ಕೆಲಸ ಮಾಡಿದವರಿಗೆ ಮೈದಾನದಲ್ಲೂ ಬಾಯಿಗಿಂತ ಮೊದಲು ಕೈ ಏಳುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ.

ಬಲೆ ಬಿಡಿಸುತ್ತ ಕುಳಿತಿದ್ದ ಮುದುಕ ಮೀನುಗಾರನೊಬ್ಬ ಬಹಳ ಹೊತ್ತು ಇವರ ಆಟ ನೋಡಿದ. ರಾಯರು ನಮ್ಮ ಜೊತೆ ಕಳಿಸಿದ್ದ ಹೋಟೆಲಿನ ಮಾಣಿ ಅವನ ಮಾತು ಕೇಳಿ ನಮಗೆ ಹೇಳಿದ: "ಕಡಲಲ್ಲಿ ತೆಪ್ಪದವರೂ ಹೀಗೇ ಅಂತೆ. ಅಲೆ ಸದ್ದಿನಲ್ಲಿ ಕೂಗಿ ಪ್ರಯೋಜನ ಇಲ್ಲ, ಕೈಯಲ್ಲೇ ಎಲ್ಲ. ನೀವೇ ಗೆಲ್ಲೂದು ಅಂತ ಹೇಳ್ತಾ ಇದ್ದಾರೆ." ಮದ್ರಾಸಿಗೆ ಬಂದ ಮೇಲೆ ನಮ್ಮನ್ನು ಮರ್ಯಾದೆಯಿಂದ ಕಂಡ ಎರಡನೆಯ ಮನುಷ್ಯ ಅವನು. ಚನ್ನಬಸಪ್ಪ ಅವನ ಟವೆಲಿಗೆ ಒಂದು ಸೇರು ಮಂಡಕ್ಕಿ ಸುರಿದ.

ಭಾನುವಾರ ನಾಲ್ಕು ಗಂಟೆಗೇ ಸ್ಟೇಡಿಯಮ್ ತುಂಬಿತ್ತು. ಎದುರಿನ ಗ್ಯಾಲರಿಯವರು ನಾಗಸ್ವರ, ಡೋಲು, ತಗಡಿನ ಡಬ್ಬ, ಸೀಟಿ ಎಲ್ಲ ತಂದಿದ್ದರು. ನಮ್ಮವರು ಮೈದಾನಕ್ಕೆ ಇಳಿದ ಕೂಡಲೆ ಸಾವಿರಾರು ಜನ ಬಾಯಿಗೆ ಬೆರಳಿಟ್ಟು ಮೂಗರ ಹಾಗೆ ನಟಿಸಿ ನಕ್ಕರು. ನಮ್ಮ ಸುತ್ತ ಕೂತವರೂ ನಮ್ಮ ಮುಖದ ಎದುರೇ ಹಾಗೆ ಮಾಡಿದರು. ಮಕ್ಕಳು ಮಾಡಿದ್ದರೆ ಸುಮ್ಮನಿರಬಹುದು, ಜರಿ ಪಂಚೆಯ ಯಜಮಾನರು ಮಾಡಿದರು. ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಅವರು ಒಂದು ಗೋಲು ಹೊಡೆದರು. ಒಳ್ಳೆಯ ಗೋಲೇ. ಆಮೇಲೆ ಎದ್ದ ಸದ್ದು ಇಳಿಯಲೇ ಇಲ್ಲ. ಡೋಲಿನವರಿಗೆ ಕೈ ಸೋತರೆ ಬದಲಿ ಜನ ಇದ್ದರು. ಅರ್ಧ ಆಟ ಆಗುವ ಹೊತ್ತಿಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅವರ ಕ್ಯಾಪ್ಟನ್ ಬಾಯಿ ಹರಿದುಹೋಗುವಷ್ಟು ಕೂಗುತ್ತಿದ್ದ, ಅವನ ಆಟಗಾರರು ಏನು ಏನು ಎಂದು ತಿರುತಿರುಗಿ ನೋಡುತ್ತಿದ್ದರು. ಅವರದೇ ಜನ ಅವರ ಕಿವಿ ಮುಚ್ಚಿದ್ದರು. ನಮ್ಮ ಹನ್ನೊಂದು ಜನಕ್ಕೆ ಅದು ಷೆಡ್ಡಿನ ಇನ್ನೊಂದು ದಿನ, ಅಷ್ಟೇ. ಚನ್ನಬಸಪ್ಪ ನಿರಾಳವಾಗಿ ಮಂಡಕ್ಕಿ ತಿನ್ನುತ್ತಿದ್ದ. "ಬಾರಿಸ್ಲಿ ಬಿಡ್ರಿ, ಚೆನ್ನಾಗಿ ಬಾರಿಸ್ಲಿ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಆಟ ಮುಗಿಯಲು ಹತ್ತು ನಿಮಿಷ ಇರಬೇಕು. ಅವರ ಬಲಗಡೆಯ ಬ್ಯಾಕ್ ಚೆಂಡಿನ ಆಸೆಗೆ ಮುಂದೆ ಹೋಗಿ ಅಲ್ಲೇ ಉಳಿದ. ಎತ್ತರದ ಗ್ಯಾಲರಿಯಿಂದ ನಮಗೆ ಆ ಮೂಲೆ ಪೂರಾ ಖಾಲಿ ಕಾಣಿಸಿತು. ಹನುಮಂತಪ್ಪ ಚೆಂಡು ಹಿಡಿದು ನಮ್ಮ ಕಡೆ ಮುಖ ಮಾಡಿದ್ದ. ಯಾರು ಮೊದಲು ಎದ್ದರೋ ಗೊತ್ತಿಲ್ಲ, ಹದಿನೆಂಟು ಜನವೂ ಎದ್ದು ನಿಂತು, ಎರಡು ಬೆರಳು ಕತ್ತರಿ ಮಾಡಿ ಅವನ ಎಡಕ್ಕೆ ತೋರಿಸಿದೆವು. ಹಾಜರಿ ಪುಸ್ತಕ ಬಿಟ್ಟು ಬೇರೆ ಗೊತ್ತಿಲ್ಲದ ನಾನೂ ತೋರಿಸಿದೆ. ಅವನು ಒಂದು ಸಲ ತಲೆ ಎತ್ತಿ ನೋಡಿದ, ಆ ಕಡೆ ತಿರುಗಿಯೂ ನೋಡದೆ ಎಡಕ್ಕೆ ಚೆಂಡು ಒದ್ದ. ಎಡಗಡೆಯ ಹುಡುಗ ಓಡಿಬಂದು ಬಲೆಗೆ ಸೇರಿಸಿದ. ಡೋಲು ನಿಂತಿತು. ಆ ಮೌನದಲ್ಲಿ ನಾವು ಹದಿನೆಂಟು ಜನ ಕೂಗಿದ್ದು ಸೆಂಟ್ರಲ್ ಸ್ಟೇಷನ್ನಿನವರೆಗೂ ಕೇಳಿಸಿರಬೇಕು.

ಹೆಚ್ಚಿನ ಸಮಯದಲ್ಲೂ ಯಾರೂ ಗೋಲು ಹೊಡೆಯಲಿಲ್ಲ. ಬೆಳಕು ಇಳಿಯುತ್ತಿತ್ತು. ಎರಡೂ ಟೀಮು ಜಂಟಿ ವಿಜೇತರು, ಕಪ್ಪು ಆರಾರು ತಿಂಗಳು ಒಬ್ಬೊಬ್ಬರ ಬಳಿ, ಯಾವ ಸರದಿ ಬೇಕೆಂದು ನಾಣ್ಯ ಗೆದ್ದವರು ಹೇಳಲಿ ಎಂದು ತೀರ್ಮಾನವಾಯಿತು. ನಾಣ್ಯ ಹನುಮಂತಪ್ಪನಿಗೆ ಬಿತ್ತು. ನಾವು ಗ್ಯಾಲರಿಯಿಂದ ಧುಮುಕಿ ಅವನ ಹತ್ತಿರ ಓಡಿದೆವು. ಅವನು ಎರಡು ಬೆರಳೆತ್ತಿ ತೋರಿಸಿ ಕಾರ್ಯದರ್ಶಿಗೆ ತಣ್ಣಗೆ ಹೇಳಿದ:

"ನಮಗೆ ಎರಡನೇ ಆರು ತಿಂಗಳು ಕೊಡ್ರಿ."

ಕಾರ್ಯದರ್ಶಿ ನಂಬಲಾರದೆ ಮತ್ತೆ ಕೇಳಿದ. ಇವನು ಮತ್ತೆ ಅದನ್ನೇ ಹೇಳಿದ. ಮದ್ರಾಸಿನವರು ಕಪ್ಪು ಎತ್ತಿಕೊಂಡು ಕುಣಿದರು. ಮೂಗರಿಗೆ ಕಪ್ಪು ಕೇಳುವುದಕ್ಕೂ ಬಾಯಿಲ್ಲ ಎಂದು ಯಾರೋ ನಕ್ಕರು. ನನ್ನ ತಲೆ ಕೆಟ್ಟುಹೋಯಿತು. "ಬುದ್ಧಿ ಇದೆಯೇನಯ್ಯ ನಿನಗೆ? ಬರಿಗೈಯಲ್ಲಿ ಹೋಗಿ ಮ್ಯಾನೇಜರಿಗೆ ಏನು ತೋರಿಸ್ತೀಯ? ಮಂಗಳವಾರ ಮೇಸ್ತ್ರಿ ಬರ್ತಾನೆ" ಎಂದು ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದೆ. ಅವನು ಬೆವರು ಒರೆಸಿಕೊಂಡು, "ಕಪ್ಪು ಸಂಕ್ರಾಂತಿಗೆ ನಮ್ಮದು ಅಂತ ಇವರ ಕೈಲಿ ಒಂದು ಕಾಗದ ಬರೆಸಿಕೊಡ್ರಿ ಗುಮಾಸ್ತ್ರೆ. ನಿಮಗೆ ಇಂಗ್ಲಿಷ್ ಬರ್ತದೆ" ಎಂದ. ಬರೆಸಿದೆ, ಸಹಿ ಮೊಹರು ಹಾಕಿಸಿದೆ, ಅವನ ಕೈಗೆ ತುರುಕಿದೆ. ಆಮೇಲೆ ಬೆಂಗಳೂರು ದಾಟಿದರೂ ಅವನ ಜೊತೆ ಮಾತಾಡಲಿಲ್ಲ. ರಾಯರು ದಾರಿಗೆಂದು ಕಟ್ಟಿಸಿಕೊಟ್ಟ ಮೊಸರನ್ನವೂ ಸೇರಲಿಲ್ಲ.

ಸೋಮವಾರ ಮಧ್ಯಾಹ್ನ ಅರಸೀಕೆರೆಯಲ್ಲಿ ಗಾಡಿ ನಿಂತಾಗ ಅವನೇ ಎರಡು ಲೋಟ ಚಹಾ ತಂದು ನನ್ನ ಪಕ್ಕ ಕುಳಿತ.

"ಸಿಟ್ಟು ಇಳೀತೇನ್ರಿ? ನೀವೇ ಹೇಳ್ರಿ, ಕಪ್ಪು ಈಗ ತಂದ್ರೆ ಯಾವಾಗ ವಾಪಸ್ ಕೊಡಬೇಕು?"

"ಸಂಕ್ರಾಂತಿಗೆ."

"ಹತ್ತಿ ಯಾವಾಗ ಬರ್ತದೆ?"

ನಾನು ಚಹಾ ಕೆಳಗಿಟ್ಟೆ. ಈಗ ತಂದರೆ ಕಪ್ಪು ಹೋಗುವ ಹೊತ್ತಿಗೆ ಮೂಟೆಗಳು ಬರುತ್ತವೆ, ಕಪ್ಪೆಲ್ಲಿ ಎಂದು ಮ್ಯಾನೇಜರು ಮೂಟೆಗಳನ್ನು ಮೈದಾನಕ್ಕೆ ಸುರಿಸುತ್ತಾರೆ. ಎರಡನೇ ಸರದಿಯಾದರೆ ಮೂಟೆ ಬರುವಾಗ ಕಪ್ಪೂ ಬರುತ್ತದೆ. ಕಪ್ಪು ಹೋಗುವ ಹೊತ್ತಿಗೆ ಹತ್ತಿ ನೂಲಾಗಿ ಮುಗಿದು, ಮುಂದಿನ ಟೂರ್ನಮೆಂಟು ಬಂದಿರುತ್ತದೆ. ಮೈದಾನ ಉಳಿಯುವುದು ಆರು ತಿಂಗಳಲ್ಲ, ಒಂದು ವರ್ಷ. ಹಾಜರಿ, ರಜಾ, ಹಬ್ಬ ಎಲ್ಲ ಬರೆದಿಡುವವನು ನಾನು, ನನಗೆ ಹೊಳೆಯಲಿಲ್ಲ. "ತಪ್ಪಾಯ್ತಪ್ಪ" ಎಂದೆ. ಅವನು "ಚಹಾ ಆರ್ತದೆ, ಕುಡೀರಿ" ಎಂದ.

ಸಂಜೆ ದಾವಣಗೆರೆ ಸ್ಟೇಷನ್ನಿಗೆ ಅರ್ಧ ಮಿಲ್ಲು ಬಂದಿತ್ತು. ಪೇಪರು ನೋಡಿ ಮ್ಯಾನೇಜರೂ ಹಾರ ಹಿಡಿದು ಬಂದಿದ್ದರು. ಹಾರ ಹಾಕಿದವರೇ ಸುತ್ತ ನೋಡಿ, "ಕಪ್ ಎಲ್ಲಿ?" ಎಂದರು.

ಹನುಮಂತಪ್ಪ ಕಾಗದ ಕೊಟ್ಟ. ಅವರು ಎರಡು ಸಲ ಓದಿ ಹುಬ್ಬು ಗಂಟಿಕ್ಕಿದರು. "ಸಂಕ್ರಾಂತಿಗೆ ಬರುವ ಕಪ್ಪಿಗೆ ನಾನು ಈಗಿನಿಂದಲೇ ಮೈದಾನ ಖಾಲಿ ಇಟ್ಟುಕೊಂಡು ಕೂರಬೇಕಾ?"

"ಸಂಕ್ರಾಂತಿಗೆ ಬರೋ ಹತ್ತಿಗೆ ನೀವು ಈಗಿನಿಂದ್ಲೇ ಗೋಡೌನು ಕಟ್ತಾ ಇದೀರಲ್ಲ ಸಾಹೇಬ್ರೆ" ಎಂದ ಹನುಮಂತಪ್ಪ.

ಮ್ಯಾನೇಜರು ಅವನನ್ನು ನೋಡಿದರು, ಹಿಂದೆ ನಿಂತ ನಮ್ಮೆಲ್ಲರನ್ನೂ ನೋಡಿದರು. ಅವರ ಮೀಸೆಯಡಿ ಸಣ್ಣ ನಗು ಬಂತು, ಬೇಡವೆಂದರೂ ಬಂತು. ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ನಾಳೆ ಬರುವುದು ಬೇಡ ಅಂತ ಆ ಮೇಸ್ತ್ರಿಗೆ ಹೇಳಿಕಳಿಸಿ."

ನಾನು ಯಾರನ್ನೂ ಕಳಿಸಲಿಲ್ಲ. ಕೈಯಲ್ಲಿದ್ದ ಟ್ರಂಕನ್ನು ಚನ್ನಬಸಪ್ಪನ ತಲೆಗೆ ಹೊರಿಸಿ, ಸ್ಟೇಷನ್ನಿಗೆ ಬಂದಿದ್ದವರೊಬ್ಬರ ಸೈಕಲ್ ಇಸಿದುಕೊಂಡು ಹತ್ತಿ ನಾನೇ ಹೋಗಿ ಹೇಳಿಬಂದೆ.